ಬಟ್ಟೆ ವ್ಯಾಪಾರಿಯ ಅಂಗಳ

"ಗುರುಗಳೇ, ಸಿಟ್ಟು ನನ್ನನ್ನು ಬಿಟ್ಟು ಹೋಗುವುದು ಯಾವಾಗ?" ಎಂದು ನಾನು ಕೇಳಿದೆ.

ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಎಷ್ಟು ದಿನದಿಂದ ಓಡಿಸುತ್ತಿದ್ದೀಯ?"

"ಒಂದು ವರ್ಷ. ನಾನು ಹಳ್ಳಿಯಲ್ಲಿ ಬೆಳೆದವನು ಗುರುಗಳೇ, ಕೆಲಸಕ್ಕೆ ಹೆದರುವವನಲ್ಲ. ನಾಲ್ಕು ಆಳು ಕಳೆ ತೆಗೆಯುವ ಹೊಲವನ್ನು ಒಬ್ಬನೇ ತೆಗೆದವನು, ಬೇಕಾದರೆ ನಮ್ಮೂರಲ್ಲಿ ಯಾರನ್ನಾದರೂ ಕೇಳಿ. ಇದನ್ನೂ ಹಾಗೇ ಮಾಡಿದೆ. ಸಿಟ್ಟು ಬರುವ ಜಾಗಗಳನ್ನೆಲ್ಲ ಬುಡಸಮೇತ ಕಿತ್ತೆ. ಗರಡಿಮನೆ ಬಿಟ್ಟೆ. ಕಬಡ್ಡಿ ಬಿಟ್ಟೆ. ಗೆಳೆಯರ ಜೊತೆ ವಾದ ಬಿಟ್ಟೆ. ಅಣ್ಣನ ಮನೆಗೆ ಹೋಗುವುದನ್ನೂ ಬಿಟ್ಟೆ. ಈಗ ನನ್ನಲ್ಲಿ ಅದಕ್ಕೆ ಕಾಲೂರಲು ಗೇಣು ನೆಲ ಇಲ್ಲ."

"ಹಾಗಾದರೆ ಇನ್ನೇನು ತೊಂದರೆ?"

ನಾನು ದನಿ ತಗ್ಗಿಸಿದೆ. "ಈಗ ಅದು ಪೂಜೆಗೆ ಕುಳಿತಾಗ ಬರುತ್ತದೆ. ನಿನ್ನೆ ಕೈಯಲ್ಲಿ ಗಂಟೆ ಹಿಡಿದು ಕುಳಿತಿದ್ದೆ. ಎದುರಿಗೆ ಒಬ್ಬರು ಮುದುಕರು ಕೆಮ್ಮುತ್ತಿದ್ದರು. ಗಂಟೆಯನ್ನು ಅವರ ಮೇಲೆ ಎಸೆದುಬಿಡುತ್ತೇನೋ ಅನ್ನಿಸಿತು. ಬರುವ ಹುಣ್ಣಿಮೆಗೆ ನನಗೆ ದೀಕ್ಷೆ. ನನಗೆ ನನ್ನ ಕೈಯದೇ ಭಯ ಹತ್ತಿದೆ."

ಗುರುಗಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಊರಾಚೆ, ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದ. ಮನೆಯ ಮುಂದೆ ಮೂವತ್ತು ಹೆಜ್ಜೆ ಅಂಗಳ. ಅದರ ತುಂಬ ಗುಡ್ಡದ ಗಿಡಗಳೇ ಇದ್ದವು: ತಂಗಡಿ, ಬಂದರಿಕೆ, ಲಕ್ಕಿ, ತುಂಬೆ. ವ್ಯಾಪಾರಿಗೆ ಹಾವಿನ ಭಯ. ಗಿಡಗಳನ್ನೆಲ್ಲ ಕೀಳಿಸಿದ. ಪೇಟೆಯಿಂದ ಹುಲ್ಲುಹಾಸು ತರಿಸಿದ. ಅದು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಗಾಡಿಯಲ್ಲಿ ಬಂತು. ಆಳುಗಳು ಬಿಚ್ಚಿ ಹಾಸಿದರು. ಬಟ್ಟೆಯ ಥಾನು ಬಿಚ್ಚಿದ ಹಾಗೆ ಕಂಡಿತು. ವ್ಯಾಪಾರಿಗೆ ಸಮಾಧಾನವಾಯಿತು. ಜಗಲಿಯ ಮೇಲೆ ಕುಳಿತರೆ ಯಾವ ಮೂಲೆಯಲ್ಲಿ ಏನು ಹರಿದರೂ ಕಣ್ಣಿಗೆ ಬೀಳುತ್ತಿತ್ತು.

ಆ ಹುಲ್ಲಿಗೆ ಬೆಳಿಗ್ಗೆ ನೀರು, ಸಂಜೆ ನೀರು. ನಡುವೆ ತಲೆ ಎತ್ತುವ ಕಳೆ ಕೀಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿದ. ಅವಳು ಕಿತ್ತ ಕಳೆಯನ್ನು ಮಡಿಲಿಗೆ ಹಾಕಿಕೊಂಡು ಹೋಗುತ್ತಿದ್ದಳು.

"ಅದನ್ನ ಆಚೆ ಎಸಿಯಮ್ಮ" ಎಂದ ವ್ಯಾಪಾರಿ.

"ಎಸೆಯೋದಾ ಸಾವ್ಕಾರ್ರೇ? ನಿಮಗೆ ಇದು ಕಳೆ. ನಮ್ಮನೇಲಿ ಇದು ಬಸ್ಸಾರು" ಎಂದಳು ಅವಳು.

ಬೇಸಿಗೆ ಬಂತು. ವ್ಯಾಪಾರಿಯ ಒಬ್ಬಳೇ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ತಾಯಿ ಇಲ್ಲದ ಮಗಳು. ವ್ಯಾಪಾರಿ ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಮನೆಯಲ್ಲೇ ಉಳಿದ.

ಅವಳು ಬಂದ ಎಂಟನೆಯ ದಿನ ಹುಲ್ಲಿನ ನಟ್ಟನಡುವೆ ಒಂದು ನಾಗರಹಾವು ಕಾಣಿಸಿತು. ಮರುದಿನವೂ ಬಂತು. ಅದರ ಮರುದಿನವೂ ಬಂತು. ಬಸುರಿ ಇರುವ ಮನೆಯವರು ಹಾವಿನ ಮೇಲೆ ಕೈ ಎತ್ತುವುದಿಲ್ಲ. ಬೇರೆಯವರಿಂದ ಹೊಡೆಸುವುದೂ ಇಲ್ಲ. ಮಗಳು ಕಿಟಕಿಯಿಂದ ಅದನ್ನು ನೋಡಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ವ್ಯಾಪಾರಿಗೆ ಊಟ ಸೇರಲಿಲ್ಲ. ಚಪ್ಪಲಿ ಮೆಟ್ಟುವ ಮುಂಚೆ ಮೂರು ಸಲ ಕೊಡವಿದ. ಮಗಳ ಹಾಸಿಗೆಯನ್ನು ದಿನಕ್ಕೆ ಐದು ಸಲ ಎತ್ತಿ ನೋಡಿದ.

ಕಳೆ ತೆಗೆಯುವವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಹುಲ್ಲನ್ನು ನೋಡಿದಳು.

"ಸಾವ್ಕಾರ್ರೇ, ಸುತ್ತ ಎಲ್ಲಾದ್ರೂ ಹಸಿ ನೆಲ ಐತಾ? ಈ ಬಿಸಿಲಲ್ಲಿ ನೀರಿರೋದು ನಿಮ್ಮ ಹುಲ್ಲಲ್ಲೇ. ಊರ ಕಪ್ಪೆ ಎಲ್ಲ ಇಲ್ಲಿಗೇ ಬಂದಾವೆ. ಕಪ್ಪೆಗೆ ಎಲೆ ಹಾಕಿ ಕೂರಿಸಿದ್ಮೇಲೆ, ಕಪ್ಪೆ ತಿನ್ನೋನು ಬರ್ದೆ ಇರ್ತಾನಾ?"

"ಹಾಗಾದರೆ ಏನು ಮಾಡಬೇಕು?"

"ಹುಲ್ಲು ಕೀಳ್ಸಿ. ಜಗಲಿಯಿಂದ ಹನ್ನೆರಡು ಹೆಜ್ಜೆ ಗುಡಿಸಿ ಸಾರಿಸಿ ಚೊಕ್ಕ ಇಟ್ಕಳಿ. ಅಷ್ಟು ನಿಮ್ಮದು. ಅಲ್ಲಿಂದಾಚೆ ಗುಡ್ಡದ ಗಿಡ ಮತ್ತೆ ಹಾಕಿ. ಅವು ನೀರು ಕೇಳಲ್ಲ. ದೂರದ ಗೋಡೆ ಹತ್ರ ನಾಲ್ಕು ಕಲ್ಲು ಗುಡ್ಡೆ ಹಾಕಿ ಸುಮ್ನಿರಿ."

"ಗಿಡ ಹಾಕಿದರೆ ಹಾವು ಬರುತ್ತದಲ್ಲಮ್ಮ."

"ಈಗೇನು ಬರ್ದೆ ಇದೆಯಾ?"

ವ್ಯಾಪಾರಿ ಹುಲ್ಲು ಕೀಳಿಸಿದ. ಮೊದಲ ಮಳೆಗೆ ಅವಳು ಗುಡ್ಡದಿಂದ ಗಿಡ ತಂದು ನೆಟ್ಟಳು. ಹನ್ನೆರಡು ಹೆಜ್ಜೆಗೆ ಸುಣ್ಣದಲ್ಲಿ ಗೆರೆ ಎಳೆದಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ಸಾವ್ಕಾರ್ರು ಗುಡ್ಡ ಹತ್ತೋಕೆ ಆಗಲ್ಲ ಅಂತ ಗುಡ್ಡಾನೇ ಮನೆಗೆ ತರ್ಸ್ಕೊಂಡ್ರು" ಎಂದು ನಕ್ಕರು.

ಮಳೆ ಹಿಡಿಯಿತು. ಗಿಡಗಳು ಮೊಣಕಾಲಿಗೆ ಬಂದವು, ಸೊಂಟಕ್ಕೆ ಬಂದವು. ತಂಗಡಿ ಹೂಬಿಟ್ಟಿತು. ಹಾವು ಕಣ್ಣಿಗೆ ಬೀಳುವುದು ನಿಂತಿತು. ಶ್ರಾವಣದಲ್ಲಿ ಮಗಳಿಗೆ ಹೆಣ್ಣು ಮಗು ಹುಟ್ಟಿತು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದರು.

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಆದರೆ ವ್ಯಾಪಾರಿಗೆ ಈಗ ಬೇರೆ ಭಯ ಹಿಡಿಯಿತು. ಮುಂಚೆ ಹಾವು ಕಾಣುತ್ತಿತ್ತು, ಎಲ್ಲಿದೆ ಎಂದು ಗೊತ್ತಿರುತ್ತಿತ್ತು. ಈಗ ಕಾಣುವುದಿಲ್ಲ. ಕಾಣದ ಹಾವು ಎಲ್ಲ ಕಡೆಯೂ ಇರಬಹುದು. ತುಂಬೆಯ ನಡುವೆ ಸದ್ದಾದರೆ ಎದ್ದು ನಿಲ್ಲುತ್ತಿದ್ದ. ಗುಬ್ಬಿ ಹಾರಿಹೋದರೆ ಕೂರುತ್ತಿದ್ದ. ಮತ್ತೆ ಸದ್ದು. ಓತಿಕ್ಯಾತ. ಮತ್ತೆ ಸದ್ದು. ಗಾಳಿ. ಒಂದು ಸಲ ಗಾಳಿ ಎಂದು ತಿಳಿದ ಮೇಲೂ ಅವನು ಕೂರಲಿಲ್ಲ. ಮಗು ಅತ್ತರೆ ತೊಟ್ಟಿಲ ಕೆಳಗೆ ಮೊದಲು ನೋಡಿ, ಮಗುವನ್ನು ಆಮೇಲೆ ನೋಡುತ್ತಿದ್ದ.

"ಅಪ್ಪಾಜಿ, ನೀವು ಹೀಗೆ ನೋಡ್ತಾ ಇದ್ರೆ ನನಗೆ ಹಾಲೇ ಇಳಿಯಲ್ಲ" ಎಂದಳು ಮಗಳು. "ಸ್ವಲ್ಪ ಅಂಗಡಿಗೆ ಹೋಗಿ ಬನ್ನಿ."

ಅವನು ಹೋಗಲಿಲ್ಲ. ಕುಡುಗೋಲು ತಂದ.

ಅವನು ಬಟ್ಟೆ ಅಳೆಯುವವನು. ಕೇಳಿದಷ್ಟು ಅಳೆದು, ಅದರ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿ ಹಾಕುವುದು ಅವನ ಕೈಗೆ ರೂಢಿಯಾದ ಕೆಲಸ. ನಾಲ್ಕು ಬೆರಳು ಬಟ್ಟೆ ಹೆಚ್ಚು ಹೋದರೆ ಯಾರೂ ಕೆಡುವುದಿಲ್ಲ. ಹನ್ನೆರಡು ಹೆಜ್ಜೆಯ ಗೆರೆಯ ಹತ್ತಿರ ನಿಂತು, ಒಂದು ಗೇಣು ಕೊಸರು ಇರಲಿ ಎಂದುಕೊಂಡ. ಒಂದು ಗೇಣು ಆಚೆಯ ಗಿಡ ಕೊಯ್ದ. ಅಂದು ಮಧ್ಯಾಹ್ನ ಸ್ವಲ್ಪ ಕಣ್ಣು ಹತ್ತಿತು.

ಮರುದಿನ ಹೊಸ ಅಂಚು ಹತ್ತಿರವೇ ಇದೆ ಅನ್ನಿಸಿತು. ಇನ್ನೊಂದು ಗೇಣು ಕೊಯ್ದ. ಅದರ ಮರುದಿನ ಒಂದು ಮೊಳ. ಕೊಯ್ದ ಗಿಡಗಳನ್ನು ಹೊತ್ತು ಗೋಡೆಯಾಚೆ ಎಸೆದ.

ಕಳೆ ತೆಗೆಯುವವಳು ಒಂದು ದಿನ ಬಂದು ನೋಡಿದಳು. ಸುಣ್ಣದ ಗೆರೆ ಬರಿ ನೆಲದ ನಡುವೆ ಇತ್ತು.

"ಇದೇನು ಸಾವ್ಕಾರ್ರೇ, ಗೆರೆ ಇಲ್ಲಿ, ಗಿಡ ಅಲ್ಲಿ?"

"ಸ್ವಲ್ಪ ಕೊಸರು ಬಿಟ್ಟೆ. ಅಷ್ಟೇ."

"ಕೊಸರು ಕೊಡೋದು ಅಂದ್ರೆ ಎದುರಿನೋರಿಗಲ್ವಾ? ನೀವು ನಿಮಗೇ ಕೊಟ್ಕಂತಿದೀರಿ. ಆ ಹಾವಿನ ಕಡೆಯಿಂದ್ಲೂ ಒಂದು ಸಲ ಅಳೆದು ನೋಡಿ."

"ಹಾವಿಗೆ ನಾನು ಬಟ್ಟೆ ಮಾರುತ್ತಿಲ್ಲಮ್ಮ. ಇಲ್ಲಿ ಈಗ ಹುಲ್ಲೂ ಇಲ್ಲ, ಕಳೆಯೂ ಇಲ್ಲ. ನಿನಗೆ ಕೆಲಸ ಇದ್ದರೆ ಹೇಳಿ ಕಳಿಸುತ್ತೇನೆ."

ಅವಳು ಹೋದಳು.

ದೀಪಾವಳಿಯ ಹೊತ್ತಿಗೆ ಗಿಡಗಳು ದೂರದ ಗೋಡೆಯ ಬುಡದಲ್ಲಿ ಒಂದು ಸಾಲು ಉಳಿದಿದ್ದವು. ವ್ಯಾಪಾರಿಗೆ ಆ ಒಂದು ಸಾಲಿನ ಭಯ ಇಡೀ ಅಂಗಳದ ಭಯಕ್ಕಿಂತ ಹೆಚ್ಚಾಯಿತು. ಇದ್ದರೆ ಅಲ್ಲೇ ಇರಬೇಕು. ದಿನವಿಡೀ ಅದನ್ನೇ ನೋಡಿದ. ಕೊನೆಗೆ ಅದನ್ನೂ ಕೊಯ್ದ. ಕಲ್ಲಿನ ಗುಡ್ಡೆಯನ್ನು ಗಾಡಿಗೆ ತುಂಬಿಸಿ ಕಳಿಸಿದ. ಮೂವತ್ತು ಹೆಜ್ಜೆ ನೆಲ ಅಂಗೈಯ ಹಾಗಾಯಿತು. ಒಂದು ಕಡ್ಡಿ ಬಿದ್ದಿದ್ದರೂ ಜಗಲಿಯಿಂದ ಕಾಣುತ್ತಿತ್ತು.

ಮಗುವಿಗೆ ಐದು ತಿಂಗಳು ತುಂಬುವುದರಲ್ಲಿತ್ತು. ಮರುವಾರ ಅಳಿಯ ಬಂದು ಮಗಳನ್ನೂ ಮಗುವನ್ನೂ ಕರೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಏನೂ ಆಗದಿದ್ದರೆ ಸಾಕು ಎಂದು ವ್ಯಾಪಾರಿ ಹರಕೆ ಹೊತ್ತಿದ್ದ.

ಒಂದು ದಿನ ನಡುಹಗಲು. ವ್ಯಾಪಾರಿ ಕೋಲು ಹಿಡಿದು ಬಾವಿಯ ಕಡೆಯಿಂದ ಬರುತ್ತಿದ್ದ. ಅಂಗಳದ ಮಧ್ಯದಲ್ಲಿ ನಾಗರಹಾವು ಇತ್ತು. ಅವನು ಬಯಸಿದ್ದ ಹಾಗೆಯೇ ಸ್ಪಷ್ಟವಾಗಿ ಕಂಡಿತು. ಬರಿ ನೆಲದ ಮೇಲೆ ಅದು ತಲೆ ಎತ್ತಿ ಆ ಕಡೆ ನೋಡಿತು, ಈ ಕಡೆ ನೋಡಿತು. ನೆರಳಿಗೆ ಒಂದು ಎಲೆ ಇರಲಿಲ್ಲ. ನುಸುಳಲು ಒಂದು ಕಲ್ಲು ಇರಲಿಲ್ಲ. ವ್ಯಾಪಾರಿ ಓಡಿಸಲೆಂದು ಕೋಲನ್ನು ನೆಲಕ್ಕೆ ಬಡಿದ. ಆ ಇಡೀ ಅಂಗಳದಲ್ಲಿ ಕತ್ತಲಿದ್ದ ಜಾಗ ಒಂದೇ, ತೆರೆದ ಬಾಗಿಲು. ಹಾವು ಹೊಸ್ತಿಲು ದಾಟಿತು.

ಅವನು ಬಾಗಿಲಿಗೆ ಬರುವಷ್ಟರಲ್ಲಿ ಅದು ನಡುಮನೆಯಲ್ಲಿತ್ತು. ತೊಟ್ಟಿಲ ನೆರಳಿನಲ್ಲಿ ಸುರುಳಿ ಸುತ್ತಿಕೊಂಡಿತ್ತು. ತೊಟ್ಟಿಲಲ್ಲಿ ಮಗು ಮಲಗಿತ್ತು. ತೊಟ್ಟಿಲಿಗೂ ಹಾವಿಗೂ ನಡುವೆ ಒಂದು ಮೊಳ. ಮಗಳು ಅಡುಗೆಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಅಪ್ಪಾಜಿ" ಎಂದಳು. ಅಷ್ಟೇ ಎಂದಳು.

ವ್ಯಾಪಾರಿಯ ಕೈಯಲ್ಲಿ ಕೋಲಿತ್ತು. ಬೀಸಿದರೆ ತೊಟ್ಟಿಲಿಗೆ ತಾಗುತ್ತದೆ. ಬೀಸದಿದ್ದರೆ ಮಗು ಏಳುತ್ತದೆ. ಎದ್ದರೆ ಕಾಲು ಬಡಿಯುತ್ತದೆ. ತೊಟ್ಟಿಲು ಆಡುತ್ತದೆ. ಅವನು ಕೋಲನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

ಗೋಡೆಯಾಚೆ ಎಸೆದಿದ್ದ ಗಿಡಗಳು ಒಣಗಿ ರಾಶಿಯಾಗಿದ್ದವು. ಕಳೆ ತೆಗೆಯುವವಳು ಅದರಿಂದ ಸೌದೆ ಆಯುತ್ತಿದ್ದಳು. ಕೋಲು ಬಡಿದ ಸದ್ದು ಕೇಳಿ ಬಂದವಳು ಬಾಗಿಲ ಓರೆಯಿಂದ ಒಳಗೆ ನೋಡಿದಳು.

"ಸಾವ್ಕಾರ್ರೇ, ಕೋಲು ಮೆತ್ತಗೆ ಕೆಳಗಿಡಿ. ಬಾಗಿಲು ಬಿಟ್ಟು ಈ ಕಡೆ ಬನ್ನಿ. ಅವ್ವಾ, ನೀನು ಅಲ್ಲೇ ನಿಂತ್ಕ. ಕಾಲು ಎತ್ತಬೇಡ."

"ಬಾಗಿಲು ತೆರೆದೇ ಇದೆಯಲ್ಲ" ಎಂದ ವ್ಯಾಪಾರಿ. "ಹೊರಗೆ ಯಾಕೆ ಹೋಗುವುದಿಲ್ಲ ಅದು?"

"ಹೊರಗೆ ಏನಿಟ್ಟಿದೀರಿ, ಹೋಗೋಕೆ?"

ಅವಳು ಗೋಡೆಯಾಚೆಯಿಂದ ಒಣಗಿಡಗಳನ್ನು ಎಳೆದು ತಂದಳು. ಮೊದಲ ಹೊರೆಯನ್ನು ಹೊಸ್ತಿಲ ಹೊರಗೆ ಇಟ್ಟಳು. ಎರಡನೆಯದನ್ನು ಅದಕ್ಕೆ ತಾಗಿಸಿ ಇಟ್ಟಳು. ವ್ಯಾಪಾರಿಗೆ ಅರ್ಥವಾಯಿತು. ಅವನೂ ಹೊತ್ತು ತಂದ. ತಂಗಡಿ, ಬಂದರಿಕೆ, ಲಕ್ಕಿ. ತಾನೇ ಗೇಣು ಗೇಣು ಕೊಯ್ದಿದ್ದನ್ನು ಗೇಣು ಗೇಣು ಮತ್ತೆ ಜೋಡಿಸಿದ. ಅಂಗಾಲಿಗೆ ಒಣಕಡ್ಡಿ ಚುಚ್ಚಿತು, ನೋಡಿಕೊಳ್ಳಲಿಲ್ಲ. ಒಂದು ಹೊರೆ ಇಟ್ಟು ಇನ್ನೊಂದಕ್ಕೆ ಓಡುವಾಗ ಪ್ರತಿಸಲವೂ ಒಳಗಿನಿಂದ ಮಗುವಿನ ಸದ್ದು ಬಂತೇ ಎಂದು ಕಿವಿಕೊಟ್ಟ. ಹೊಸ್ತಿಲಿನಿಂದ ದೂರದ ಗೋಡೆಯ ನೀರು ಹೋಗುವ ಕಿಂಡಿಯವರೆಗೆ ಮೂವತ್ತು ಹೆಜ್ಜೆ. ಆ ಅಂಗಳ ಅಷ್ಟು ದೊಡ್ಡದು ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಾಲು ಮುಗಿಯಿತು. ಇಬ್ಬರೂ ಗೋಡೆಗೆ ಒತ್ತಿ ನಿಂತರು.

ಏನೂ ಆಗಲಿಲ್ಲ.

ಒಳಗೆ ಮಗು ಎದ್ದಿತು. ಅಳಲಿಲ್ಲ, ಕಾಲು ಬಡಿಯಿತು. ತೊಟ್ಟಿಲು ಒಂದು ಸಲ ಆ ಕಡೆ ಹೋಗಿ ಈ ಕಡೆ ಬಂತು. ಅದರ ಜೊತೆ ನೆರಳೂ ಹೋಗಿ ಬಂತು. ಹಾವು ಹೆಡೆ ಎತ್ತಿತು. ಹೆಡೆಯ ಮೇಲೆ ತೊಟ್ಟಿಲ ಬುಡ ಹಾದುಹೋಯಿತು. ಮಗಳು ಕಣ್ಣು ಮುಚ್ಚಲಿಲ್ಲ. ವ್ಯಾಪಾರಿ ಮುಚ್ಚಿದ.

ಹೆಡೆ ಇಳಿಯಿತು. ಹಾವು ಸುರುಳಿ ಬಿಚ್ಚಿತು. ಹೊಸ್ತಿಲಿಗೆ ಬಂದು ತಡೆಯಿತು. ಆಮೇಲೆ ಒಣಗಿಡಗಳ ಕೆಳಗೆ ತಲೆ ಹಾಕಿತು. ಒಣ ಎಲೆಯ ಸದ್ದು ಹೊಸ್ತಿಲಿನಿಂದ ಹೊರಟು, ನಡು ಅಂಗಳ ದಾಟಿ, ಕಿಂಡಿಯ ಹತ್ತಿರ ಹೋಗಿ ನಿಂತಿತು.

ಮಗಳು ಓಡಿಬಂದು ಮಗುವನ್ನು ಎತ್ತಿಕೊಂಡಳು. ವ್ಯಾಪಾರಿ ಹೊಸ್ತಿಲ ಮೇಲೆ ಕುಸಿದು ಕುಳಿತ. ಕಳೆ ತೆಗೆಯುವವಳ ಕಡೆ ನೋಡಿ, "ಗಿಡ ಯಾವಾಗ ತರುತ್ತೀಯಮ್ಮ?" ಎಂದು ಕೇಳಿದ.

"ಗೆರೆ ಮೊದ್ಲು ಎಳೀರಿ ಸಾವ್ಕಾರ್ರೇ. ಈ ಸಲ ಕೊಸರು ಆ ಕಡೆಗೆ ಬಿಡಿ" ಎಂದಳು ಅವಳು.

ಅವನು ಹನ್ನೆರಡು ಹೆಜ್ಜೆ ಅಳೆದು, ಒಂದು ಗೇಣು ಈಚೆಗೆ ಸರಿದು ಗೆರೆ ಎಳೆದ. ಗೆರೆಯಾಚೆಗೆ ಗುಡ್ಡದ ಗಿಡಗಳು ಬಂದವು, ಕಲ್ಲುಗಳೂ ಬಂದವು. ಮಗಳು ಗಂಡನ ಮನೆಗೆ ಹೋದಳು. ಮುಂದಿನ ವರ್ಷ ಬಂದಾಗ ಅವಳ ಮಗು ಗುಡಿಸಿದ ಅಂಗಳದಲ್ಲಿ ನಡೆಯುವುದನ್ನು ಕಲಿಯಿತು.

ಗುರುಗಳು ಕತೆ ನಿಲ್ಲಿಸಿ ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ನನಗೆ ಎದೆ ಹಗುರಾಯಿತು. ಮಗುವಿಗೆ ಏನೂ ಆಗಲಿಲ್ಲವಲ್ಲ ಎಂಬ ಖುಷಿಯಲ್ಲಿ, ಕತೆ ಪೂರ್ತಿ ತಿಳಿದವನ ಹಾಗೆ ಕೇಳಿದೆ:

"ಅಂತೂ ಹಾವು ಹೋಯಿತು. ಮತ್ತೆ ಬರಲಿಲ್ಲ ತಾನೇ, ಗುರುಗಳೇ?"

ಗುರುಗಳು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

"ಹೋಯಿತು ಎಂದು ನಾನೆಲ್ಲಿ ಹೇಳಿದೆ? ಹನ್ನೆರಡು ಹೆಜ್ಜೆ ಆಚೆ ಅದು ಈಗಲೂ ಇದೆ."